ಬಳಸಿದ ಕೈಯೇ ಬೇರ್ಪಡಿಸಬೇಕು

ಜ್ವರ ಇಳಿದ ರೋಗಿಯ ಡ್ರಿಪ್ ತೆಗೆಯುವ ಹೊತ್ತು. ಸಿಸ್ಟರ್ ಅಂಟುಪಟ್ಟಿ ಬಿಡಿಸಿ, ಹತ್ತಿ ಒತ್ತಿ ಹಿಡಿದು, ಕೈಯಿಂದ ಕ್ಯಾನುಲಾ ಎಳೆಯುತ್ತಾರೆ. ಒಂದೆರಡು ಹನಿ ರಕ್ತ ಹತ್ತಿಗೆ ಮೆತ್ತುತ್ತದೆ. ಸ್ಟ್ಯಾಂಡಿನಿಂದ ಖಾಲಿ ಬಾಟಲಿ, ಪೈಪು ಇಳಿಸುತ್ತಾರೆ. ಕೊನೆಯ ಡೋಸ್ ಆಂಟಿಬಯೋಟಿಕ್ ಕೊಟ್ಟ ಸಿರಿಂಜ್, ಅದಕ್ಕೆ ಔಷಧ ಎಳೆದುಕೊಂಡ ಸೂಜಿ, ಪುಟ್ಟ ಗಾಜಿನ ಸೀಸೆ, ಸಿರಿಂಜ್ ಸುತ್ತಿ ಬಂದಿದ್ದ ಕಾಗದದ ಹೊದಿಕೆ ಎಲ್ಲವೂ ಟ್ರೇನಲ್ಲಿವೆ. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಹೊರಬಿದ್ದ ಈ ಎಂಟೊಂಬತ್ತು ವಸ್ತುಗಳು ಐದು ಬೇರೆ ಬೇರೆ ಕಡೆ ಹೋಗಬೇಕು. ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ. ಪೈಪು, ಕ್ಯಾನುಲಾ, ಪ್ಲಾಸ್ಟಿಕ್ ಬಾಟಲಿ, ಸೂಜಿ ಕಳಚಿದ ಸಿರಿಂಜ್, ಸಿಸ್ಟರ್ ಕೈಯ ಗ್ಲೌಸ್ ಕೆಂಪು ಚೀಲಕ್ಕೆ. ಸೂಜಿ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಸೀಸೆ ನೀಲಿ ಗುರುತಿನ ಪೆಟ್ಟಿಗೆಗೆ. ಕಾಗದದ ಹೊದಿಕೆ ಮಾತ್ರ ಊರಿನ ಮಾಮೂಲಿ ಒಣಕಸಕ್ಕೆ.

ಈ ವಿಂಗಡಣೆ ಆಗಬೇಕಾದದ್ದು ಅದೇ ಎರಡು ನಿಮಿಷದಲ್ಲಿ, ಅದೇ ಹಾಸಿಗೆಯ ಪಕ್ಕದಲ್ಲಿ, ಅದೇ ಕೈಯಿಂದ. ಕಾನೂನೂ ಕಸ ಹುಟ್ಟಿದ ಜಾಗದಲ್ಲೇ ಬೇರೆಯಾಗಬೇಕು ಎನ್ನುತ್ತದೆ. ಹಾಲಿಗೆ ಹುಳಿ ಬಿದ್ದ ಮೇಲೆ ಹುಳಿಯನ್ನಷ್ಟೇ ಹೆಕ್ಕಿ ತೆಗೆಯಲಾಗದು. ಒಂದೇ ಚೀಲಕ್ಕೆ ಸುರಿದ ಆಸ್ಪತ್ರೆ ಕಸವೂ ಹಾಗೆಯೇ. ಆಮೇಲೆ ಬೇರ್ಪಡಿಸಬೇಕೆಂದರೆ ಯಾರಾದರೊಬ್ಬರು ಒಳಗೆ ಕೈ ಹಾಕಬೇಕು. ಆ ಕೈ ಡಾಕ್ಟರದ್ದಾಗಿರುವುದಿಲ್ಲ. ಆಯಾ, ವಾರ್ಡ್ ಬಾಯ್, ಗುತ್ತಿಗೆಯ ಹೌಸ್‌ಕೀಪಿಂಗ್ ಹುಡುಗಿ, ಪೌರಕಾರ್ಮಿಕ, ಕೊನೆಗೆ ಚಿಂದಿ ಆಯುವ ಮಗು, ಇವರಲ್ಲಿ ಒಬ್ಬರದ್ದಾಗಿರುತ್ತದೆ. ಆಸ್ಪತ್ರೆ ತ್ಯಾಜ್ಯದ ಬಗ್ಗೆ ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ: ವಸ್ತುವನ್ನು ಬಳಸಿದವರೇ ಅದನ್ನು ಅದರ ಡಬ್ಬಿಗೆ ಹಾಕಬೇಕು. ಬಣ್ಣದ ಚಾರ್ಟು ಇವತ್ತು ಪ್ರತಿ ವಾರ್ಡಿನ ಗೋಡೆಯ ಮೇಲಿದೆ. ಕೆಲಸ ಯಾರದು ಎಂಬುದು ಮಾತ್ರ ಇನ್ನೂ ಅನೇಕ ಕಡೆ ಇತ್ಯರ್ಥವಾಗಿಲ್ಲ.

ಆಸ್ಪತ್ರೆಯಿಂದ ಹೊರಡುವ ಕಸವೆಲ್ಲ ಅಪಾಯದ್ದೇ ಎಂದು ಬಹಳ ಜನ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದರ ಸುಮಾರು ಶೇ 85ರಷ್ಟು ಮನೆಯ ಕಸದಂಥದ್ದೇ. ಬ್ರೆಡ್ಡಿನ ಕವರು, ಎಳನೀರು ಬುರುಡೆ, ಔಷಧದ ರಟ್ಟಿನ ಡಬ್ಬ, ಹಣ್ಣಿನ ಸಿಪ್ಪೆ. ಉಳಿದ ಶೇ 15ರಷ್ಟು ಮಾತ್ರ ಸೋಂಕಿನದ್ದು, ವಿಷದ್ದು ಅಥವಾ ವಿಕಿರಣದ್ದು. ಆದರೆ ರಕ್ತ ಮೆತ್ತಿದ ಒಂದು ಪಟ್ಟಿ ಬ್ರೆಡ್ಡಿನ ಕವರುಗಳ ಚೀಲಕ್ಕೆ ಬಿದ್ದರೆ ಆ ಇಡೀ ಚೀಲವನ್ನು ಸೋಂಕಿನ ಕಸವೆಂದೇ ಎಣಿಸಬೇಕಾಗುತ್ತದೆ. ಆಸ್ಪತ್ರೆಯ ಖರ್ಚು ಏರುವುದೂ ಇಲ್ಲೇ. ಎಷ್ಟೋ ಕಡೆ ತ್ಯಾಜ್ಯ ಒಯ್ಯುವವರಿಗೆ ತೂಕದ ಲೆಕ್ಕದಲ್ಲಿ ಹಣ ಕೊಡಬೇಕು.

ನಮ್ಮಲ್ಲಿ ಇದಕ್ಕೊಂದು ಕಾನೂನು ಬಂದದ್ದು ತಡವಾಗಿ. ದೆಹಲಿಯ ಕಸದ ಪ್ರಕರಣವೊಂದರಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಐವತ್ತು ಹಾಸಿಗೆ ಮತ್ತು ಅದಕ್ಕಿಂತ ದೊಡ್ಡ ಆಸ್ಪತ್ರೆಗಳು ಸ್ವಂತ ಸುಡುವ ಕುಲುಮೆಯನ್ನೋ ಅದಕ್ಕೆ ಸಮನಾದ ಬೇರೆ ವ್ಯವಸ್ಥೆಯನ್ನೋ ಮಾಡಿಕೊಳ್ಳಬೇಕೆಂದಿತು. 1998ರ ಜುಲೈನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಂದವು. ಅದರಲ್ಲಿ ಹತ್ತು ವರ್ಗಗಳಿದ್ದವು. ಯಾವುದು ಯಾವ ಚೀಲಕ್ಕೆ ಎಂದು ನೆನಪಿಟ್ಟುಕೊಳ್ಳುವುದೇ ಒಂದು ಪರೀಕ್ಷೆ. 2016ರ ಮಾರ್ಚ್ 28ರ ಹೊಸ ನಿಯಮಗಳು ಆ ಹತ್ತನ್ನು ನಾಲ್ಕು ಬಣ್ಣಕ್ಕೆ ಇಳಿಸಿದವು. ರಕ್ತದಾನ ಶಿಬಿರ, ಲಸಿಕೆ ಶಿಬಿರ, ಆಯುಷ್ ಆಸ್ಪತ್ರೆ, ಶಾಲೆಯ ಪ್ರಥಮ ಚಿಕಿತ್ಸಾ ಕೋಣೆ ಕೂಡ ಇದರ ವ್ಯಾಪ್ತಿಗೆ ಬಂದವು. ಪಶು ಆಸ್ಪತ್ರೆಗಳು ಹಳೆಯ ನಿಯಮಗಳಲ್ಲೇ ಸೇರಿದ್ದವು. ಹಳ್ಳಿಯ ಹಸುವಿಗೆ ಚುಚ್ಚಿದ ಸೂಜಿಯೂ ಸೂಜಿಯೇ ಎಂದು ಕಾನೂನು ಒಪ್ಪಿಕೊಂಡದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಎಲ್ಲವನ್ನೂ ಒಟ್ಟಿಗೆ ಸುಟ್ಟುಬಿಟ್ಟರೆ ಈ ರಗಳೆಯೇ ಬೇಡವಲ್ಲ ಎಂದು ಕೇಳುವವರಿದ್ದಾರೆ. ಬೆಂಕಿಗೆ ಬಿದ್ದದ್ದೆಲ್ಲ ಶುದ್ಧವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ರೋಗಾಣುವಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆಸ್ಪತ್ರೆಯ ಪೈಪು, ಚೀಲಗಳಲ್ಲಿ ಬಹಳಷ್ಟು ಪಿವಿಸಿ, ಅಂದರೆ ಕ್ಲೋರಿನ್ ಸೇರಿದ ಪ್ಲಾಸ್ಟಿಕ್. ಅದು ಅರೆಬರೆ ಕಾವಿನಲ್ಲಿ ಉರಿದರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ಅವು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂತು, ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ನಮಗೆ ಬರುತ್ತವೆ. ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಡಯಾಕ್ಸಿನ್‌ಗಳಲ್ಲಿ ಅತಿ ಕೆಟ್ಟದ್ದು ಕ್ಯಾನ್ಸರ್ ತರುತ್ತದೆಂಬುದು ಸಾಬೀತಾದ ಸಂಗತಿ. ಅದಕ್ಕೇ ಕುಲುಮೆಗೆ ಕಟ್ಟುನಿಟ್ಟಿನ ಲೆಕ್ಕವಿದೆ. ಎರಡು ಕೋಣೆಗಳಿರಬೇಕು. ಮೊದಲನೆಯದರಲ್ಲಿ 800 ಡಿಗ್ರಿ ಸೆಲ್ಸಿಯಸ್ ಸುಮಾರಿನ ಕಾವು, ಎರಡನೆಯದರಲ್ಲಿ 1,050 ಡಿಗ್ರಿ. ಹೊಗೆ ಆ ಎರಡನೇ ಕೋಣೆಯಲ್ಲಿ ಕನಿಷ್ಠ ಎರಡು ಸೆಕೆಂಡು ನಿಂತು ಹೋಗಬೇಕು. ಆಸ್ಪತ್ರೆಯ ಹಿತ್ತಲಲ್ಲಿ ಡ್ರಮ್ಮಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರೆ ಇಷ್ಟು ಕಾವು ಬರುವುದಿಲ್ಲ. ಅಲ್ಲಿ ಏಳುವ ಕಪ್ಪು ಹೊಗೆಯನ್ನು ಮೊದಲು ಉಸಿರಾಡುವವರು ಅದೇ ಆಸ್ಪತ್ರೆಯ ರೋಗಿಗಳು.

ಹಾಗಾಗಿ ಹಳದಿ ಚೀಲಕ್ಕೆ ಸುಡಲೇಬೇಕಾದದ್ದು ಮಾತ್ರ ಬೀಳಬೇಕು. ರಕ್ತ, ಕೀವು ಹೀರಿದ ಹತ್ತಿ, ಬ್ಯಾಂಡೇಜು, ಪ್ಲಾಸ್ಟರು. ಕತ್ತರಿಸಿ ತೆಗೆದ ಅಂಗಾಂಶ. ಅವಧಿ ಮುಗಿದ ಮಾತ್ರೆ. ಕ್ಯಾನ್ಸರ್ ಔಷಧಗಳು ಹಳದಿಯಲ್ಲೇ ಹೋದರೂ ಪ್ರತ್ಯೇಕ ಗುರುತಿನ ಚೀಲದಲ್ಲಿ ಹೋಗಬೇಕು, 1,200 ಡಿಗ್ರಿಗಿಂತ ಮೇಲಿನ ಕಾವಿನಲ್ಲಿ ಉರಿಯಬೇಕು. ಈ ಚೀಲಗಳೇ ಕ್ಲೋರಿನ್ ಪ್ಲಾಸ್ಟಿಕ್ಕಿನವಾದರೆ ಮಾಡಿದ್ದೆಲ್ಲ ವ್ಯರ್ಥವಾದ್ದರಿಂದ ಅಂಥ ಚೀಲ, ಗ್ಲೌಸುಗಳನ್ನು 2019ರ ಮಾರ್ಚ್ ಒಳಗೆ ಕೈಬಿಡಬೇಕೆಂದು ತಿದ್ದುಪಡಿ ಬಂತು. ರಕ್ತದ ಚೀಲಕ್ಕೆ ಮಾತ್ರ ವಿನಾಯಿತಿ.

ಹೆರಿಗೆ ವಾರ್ಡಿನ ಮಾಸು ಕೂಡ ಹಳದಿಗೇ. ಇಲ್ಲೊಂದು ಸೂಕ್ಷ್ಮವಿದೆ. ಮನೆ ಹೆರಿಗೆಯ ಕಾಲದಲ್ಲಿ ಮಾಸನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ನಾಯಿ ಎಳೆಯದಂತೆ ಮೇಲೊಂದು ಕಲ್ಲು ಹೇರುತ್ತಿದ್ದರು. ಈಗಲೂ ಕೆಲವು ಅಜ್ಜಿಯರು ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಮಾಸು ಎಲ್ಲಿ ಹಾಕ್ತೀರವ್ವಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಮೌಢ್ಯವಿಲ್ಲ. ದೇಹದ ಒಂದು ಭಾಗ ಬೀದಿಗೆ ಬೀಳಬಾರದು ಎಂಬ ಮರ್ಯಾದೆಯೂ, ಪ್ರಾಣಿ ಮುಟ್ಟಬಾರದು ಎಂಬ ತಿಳಿವಳಿಕೆಯೂ ಇವೆ. ಇವತ್ತಿನ ನಿಯಮ ಕೇಳುವುದೂ ಅದನ್ನೇ. ಹಲವು ಆಸ್ಪತ್ರೆಗಳ ಕಸವನ್ನು ಒಟ್ಟಿಗೆ ಸಂಸ್ಕರಿಸುವ ಸಾಮಾನ್ಯ ಘಟಕದ ಗಾಡಿ ಹೋಗಲಾಗದ ದೂರದ ಊರುಗಳಲ್ಲಿ ಆಳದ ಗುಂಡಿಗೆ ಈಗಲೂ ಅವಕಾಶವಿದೆ. ಎರಡು ಮೀಟರ್ ಆಳ ತೋಡಬೇಕು. ಅರ್ಧದಷ್ಟು ತುಂಬಿದ ಮೇಲೆ ಸುಣ್ಣ ಹಾಕಿ ಮಣ್ಣು ಮುಚ್ಚಬೇಕು. ಪ್ರತಿ ಸಲ ಕಸ ಹಾಕಿದಾಗ ಮೇಲೆ ಹತ್ತು ಸೆಂಟಿಮೀಟರ್ ಮಣ್ಣು ಹರಡಬೇಕು. ಗುಂಡಿಯ ಹತ್ತಿರ ಬಾವಿ ಇರಬಾರದು. ಗಾಡಿ ಬರುವ ಕಡೆ, ಅಂದರೆ 75 ಕಿಲೋಮೀಟರ್ ಒಳಗೆ ಸಾಮಾನ್ಯ ಘಟಕವಿರುವ ಕಡೆ, ಆಸ್ಪತ್ರೆ ತನ್ನದೇ ಆದ ಸಂಸ್ಕರಣೆಯನ್ನು ಮಾಡಿಕೊಳ್ಳುವಂತಿಲ್ಲ.

ಕೆಂಪು ಚೀಲದ ಕತೆ ಬೇರೆ. ಅದರಲ್ಲಿರುವುದು ಮತ್ತೆ ಬಳಕೆಗೆ ಬರುವ ಪ್ಲಾಸ್ಟಿಕ್. ಅದನ್ನು ಆಟೋಕ್ಲೇವಿನಲ್ಲಿ, ಹಬೆಯ ಒತ್ತಡದಲ್ಲಿ ಬೇಯಿಸುತ್ತಾರೆ. 121 ಡಿಗ್ರಿಯಲ್ಲಾದರೆ ಒಂದು ಗಂಟೆ. ನಿಜಕ್ಕೂ ಬೆಂದಿತೇ ಎಂದು ನೋಡಲು, ಕಾವಿಗೆ ಸುಲಭವಾಗಿ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಗಳಿರುವ ಪಟ್ಟಿಯನ್ನು ಒಳಗಿಟ್ಟು ಆಮೇಲೆ ಬೆಳೆಸಿ ನೋಡುತ್ತಾರೆ. ಅವು ಸತ್ತಿದ್ದರೆ ಉಳಿದದ್ದೂ ಸತ್ತಿದೆ ಎಂದು ನಂಬಬಹುದು. ಅಲ್ಲಿಂದ ಶ್ರೆಡ್ಡರಿಗೆ ಹಾಕಿ ಚೂರು ಚೂರು ಮಾಡುತ್ತಾರೆ. ಆ ಚೂರುಗಳನ್ನು ಪರವಾನಗಿ ಇರುವ ಪ್ಲಾಸ್ಟಿಕ್ ಮರುಬಳಕೆಯವರಿಗೆ ಕೊಡಬಹುದು.

ಬೇಯಿಸಿದ ಮೇಲೆ ಚೂರು ಮಾಡುವುದೇಕೆ? ಯಾರೂ ಅದನ್ನು ತೊಳೆದು ಮತ್ತೆ ಮಾರಬಾರದೆಂದು. ಇದು ಬರೀ ಅನುಮಾನದ ಮಾತಲ್ಲ. 2009ರ ಆರಂಭದಲ್ಲಿ ಗುಜರಾತಿನಲ್ಲಿ ಆಗ ಸಾಬರಕಾಂಠಾ ಜಿಲ್ಲೆಯಲ್ಲಿದ್ದ ಮೊಡಾಸಾ ಊರು, ಅದರ ಸುತ್ತಲಿನ ಹಳ್ಳಿಗಳಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಒಬ್ಬರಿಗೆ ಚುಚ್ಚಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದ್ದು ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಆಗ ನಡೆದ ದಾಳಿಗಳಲ್ಲಿ ಗುಜರಿ ಗೋದಾಮುಗಳಿಂದ ಬಳಸಿದ ಸಿರಿಂಜುಗಳ ರಾಶಿಯೇ ಸಿಕ್ಕಿತು. ಸಿರಿಂಜ್ ಇಡಿಯಾಗಿ ಆಸ್ಪತ್ರೆಯ ಹೊರಗೆ ಬಂದರೆ ಅದಕ್ಕೊಂದು ಬೆಲೆಯಿರುತ್ತದೆ, ಬೆಲೆಯಿದ್ದಲ್ಲಿ ಕೊಳ್ಳುವವರಿರುತ್ತಾರೆ. ಬಳಸಿದ ಸಿಸ್ಟರ್ ಅಲ್ಲೇ ಹಬ್ ಕಟ್ಟರಿನಿಂದ ಸೂಜಿಯ ಬುಡವನ್ನು ಕತ್ತರಿಸಿದರೆ ಆ ಬೆಲೆ ಆ ಕ್ಷಣಕ್ಕೆ ಸೊನ್ನೆಯಾಗುತ್ತದೆ. ಐದು ಸೆಕೆಂಡಿನ ಕೆಲಸ. ಲಸಿಕೆ ಹಾಕಲು ಅಂಗನವಾಡಿಗೆ ಬರುವ ನರ್ಸಮ್ಮನ ಕೈಚೀಲದಲ್ಲಿ ಆ ಪುಟ್ಟ ಕಟ್ಟರನ್ನು ನೀವೂ ಕಂಡಿರಬಹುದು.

ಇನ್ನು ಬಿಳಿ ಡಬ್ಬಿ. ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹೆಚ್ಚು ನೋವು ತರುವುದೂ ಅದರ ವಿಷಯದಲ್ಲಿ ಮಾಡುವ ಉದಾಸೀನವೇ. ಸೂಜಿ ಚುಚ್ಚುವ ಅವಘಡ ಎರಡು ಬಗೆ. ಒಂದು, ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಎಡಗೈ ಬೆರಳಿಗೆ ಚುಚ್ಚಿಕೊಳ್ಳುವುದು. ಇದು ಡಾಕ್ಟರು, ನರ್ಸುಗಳಿಗೆ ಆಗುವಂಥದ್ದು. ಕ್ಯಾಪ್ ಹಾಕುವುದು ಜಾಗ್ರತೆಯ ಕೆಲಸ ಎಂದು ಹಿಂದೆ ಕಲಿತವರು ಇನ್ನೂ ಆ ಅಭ್ಯಾಸ ಬಿಟ್ಟಿಲ್ಲ, ಬಿಡಲೇಬೇಕು. ಎರಡನೆಯದು ಆಯಾಗೆ ಆಗುವಂಥದ್ದು. ಹಳದಿ ಚೀಲಕ್ಕೆ ಯಾರೋ ಸೂಜಿ ಎಸೆದಿರುತ್ತಾರೆ. ಚೀಲ ಮುಕ್ಕಾಲು ತುಂಬಿದಾಗಲೇ ಕಟ್ಟಬೇಕಿದ್ದದ್ದು ಬಾಯಿತನಕ ತುಂಬಿರುತ್ತದೆ. ಆಕೆ ಕಾಲಿನಿಂದಲೋ ಕೈಯಿಂದಲೋ ಒತ್ತಿ ಕಟ್ಟುತ್ತಾಳೆ. ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಚೀಲ ತೊಡೆಗೆ ತಾಗುತ್ತದೆ. ಸೀರೆಯ ಮೂಲಕ ಚುಳ್ಳೆಂದು ಒಂದು ಚುಚ್ಚು. ಯಾವ ರೋಗಿಯ ಸೂಜಿ? ಯಾವ ರೋಗ? ಗೊತ್ತಾಗುವುದಿಲ್ಲ. ಡಾಕ್ಟರಿಗೆ ಚುಚ್ಚಿದ ಸೂಜಿಗೆ ಒಬ್ಬ ರೋಗಿಯ ಹೆಸರಿರುತ್ತದೆ, ಆ ರೋಗಿಯ ರಕ್ತ ಪರೀಕ್ಷೆ ಮಾಡಿಸಬಹುದು. ಆಯಾಗೆ ಚುಚ್ಚಿದ್ದಕ್ಕೆ ಹೆಸರೇ ಇಲ್ಲ.

ಅಪಾಯ ಎಷ್ಟು ಎಂಬುದಕ್ಕೆ ವೈದ್ಯರ ಬಳಿ ಅಂದಾಜುಗಳಿವೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಹೆಪಟೈಟಿಸ್ ಬಿ ಆದರೆ, ಲಸಿಕೆ ಪಡೆಯದವರಿಗೆ, ನೂರಕ್ಕೆ ಆರರಿಂದ ಮೂವತ್ತರವರೆಗೆ. ಜನ ಹೆದರುವುದು ಎಚ್‌ಐವಿಗೆ. ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಒಣಗಿದ ರಕ್ತದಲ್ಲೂ ಆ ವೈರಸ್ ಕನಿಷ್ಠ ಒಂದು ವಾರ ಜೀವಂತ ಉಳಿಯುತ್ತದೆ. ಚುಚ್ಚಿದರೆ ಬೆರಳನ್ನು ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಬ್ಲೀಚಿಂಗ್ ನೀರು ಸುರಿಯಬಾರದು. ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಬೈಯುತ್ತಾರೆಂದು, ಕೆಲಸ ಹೋಗುತ್ತದೆಂದು ಮುಚ್ಚಿಟ್ಟವರಿಗೆ ಈ ಮೂರು ದಿನ ಸದ್ದಿಲ್ಲದೆ ಕಳೆದುಹೋಗುತ್ತವೆ. ಸೂಜಿ ಚುಚ್ಚಿದ್ದನ್ನು ಹೇಳಿಕೊಂಡವರನ್ನು ಗದರುವ ಮೇಲ್ವಿಚಾರಕರು, ಆ ಗದರಿಕೆಯಿಂದ ಒಂದು ಜೀವಕ್ಕೇ ಕುತ್ತು ಬರಬಹುದೆಂದು ತಿಳಿದಿರಬೇಕು.

ಗಾಜಿನ ನೀಲಿ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಔಷಧದ ಸೀಸೆ, ಆಂಪ್ಯೂಲ್, ಮೂಳೆಯಿಂದ ತೆಗೆದ ಲೋಹದ ರಾಡು, ಸ್ಕ್ರೂಗಳು ಅಲ್ಲಿಗೆ. ಲ್ಯಾಬಿನ ರಕ್ತದ ಮಾದರಿ, ಬೆಳೆಸಿದ ರೋಗಾಣುಗಳ ತಟ್ಟೆಗಳನ್ನು ಲ್ಯಾಬಿನಲ್ಲೇ ಸೋಂಕುರಹಿತ ಮಾಡಿ ಆಮೇಲೆ ಹೊರಗೆ ಕಳಿಸಬೇಕು. ಇದನ್ನು ಓಣಿಯ ಸಣ್ಣ ಲ್ಯಾಬುಗಳೂ ಪಾಲಿಸಬೇಕಾಗುತ್ತದೆ.

ಆಪರೇಷನ್ ಥಿಯೇಟರಿನ ಮಾತು ಬೇರೆಯಾಗಿ ಆಡಬೇಕು. ಅಲ್ಲಿ ಒಂದು ಗಂಟೆಯಲ್ಲಿ ಬ್ಲೇಡು, ಹೊಲಿಗೆ ಸೂಜಿ, ಟ್ಯೂಬು, ರಕ್ತ ಹೀರಿದ ಬಟ್ಟೆ ಎಲ್ಲ ಒಟ್ಟಿಗೆ ಬೀಳುತ್ತವೆ. ಸರ್ಜನ್ ಬಳಸಿದ ಬ್ಲೇಡನ್ನು ಟ್ರೇನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟು, ಅದರ ಲೆಕ್ಕ ಒಪ್ಪಿಸಿ ಹೋಗುವ ಥಿಯೇಟರುಗಳಿವೆ. ರೋಗಿಗೆ ಹೊದಿಸಿದ್ದ ಬಟ್ಟೆಯ ಮಡಿಕೆಯಲ್ಲಿ ಬಿಟ್ಟು ಕೈ ತೊಳೆಯಲು ಹೋಗುವ ಥಿಯೇಟರುಗಳೂ ಇವೆ. ಆ ಬಟ್ಟೆ ಲಾಂಡ್ರಿಗೆ ಹೋಗುತ್ತದೆ. ಅಲ್ಲಿ ಅದನ್ನು ಕೊಡವುವವರ ಬಗ್ಗೆ ನಿಯಮ ಪುಸ್ತಕದಲ್ಲಿ ಹೆಚ್ಚು ಮಾತಿಲ್ಲ. ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಲ್ಲರಿಗೂ ತರಬೇತಿ ಕೊಡಬೇಕೆಂದು ಕಾನೂನಿದೆ. ಆ ತರಬೇತಿಯ ಹಾಜರಿ ಪುಸ್ತಕ ತೆರೆದು ನೋಡಿದರೆ ನರ್ಸಿಂಗ್ ವಿದ್ಯಾರ್ಥಿಗಳು, ಹೌಸ್‌ಕೀಪಿಂಗ್‌ನವರೇ ತುಂಬಿರುತ್ತಾರೆ. ಹಿರಿಯ ಡಾಕ್ಟರುಗಳು ಮೊದಲ ಸಾಲಿನಲ್ಲಿ ಕೂರುವ ದಿನ ವಾರ್ಡಿನ ನಡಾವಳಿ ತಾನೇ ಬದಲಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಕಿರಿಯರು ಕಲಿಯುವುದು ದೊಡ್ಡ ಡಾಕ್ಟರರ ಕೈಯನ್ನು ನೋಡಿ.

ರೋಗಿಯ ಜೊತೆ ಇರುವ ನಾವೂ ಈ ಸರಪಳಿಯಲ್ಲಿದ್ದೇವೆ. ವಾರ್ಡಿನಲ್ಲಿ ಹತ್ತಿರದ ಬಕೆಟ್ ಯಾವುದೋ ಅದಕ್ಕೇ ಇಡ್ಲಿ ಪೊಟ್ಟಣ ಎಸೆಯುತ್ತೇವೆ. "ಸಿಸ್ಟರ್, ಇದನ್ನ ಎಲ್ಲಿ ಹಾಕ್ಲಿ?" ಎಂದು ಒಂದು ಮಾತು ಕೇಳಿದರೆ ಯಾವ ಸಿಸ್ಟರೂ ಸಿಟ್ಟಾಗುವುದಿಲ್ಲ.

ಕಟ್ಟಿದ ಚೀಲಕ್ಕೆ ಬಾರ್‌ಕೋಡ್ ಅಂಟಿಸಬೇಕು. ಯಾವ ಆಸ್ಪತ್ರೆಯ ಕಸ, ಯಾವ ದಿನದ್ದು, ಎಷ್ಟು ತೂಕ ಎಂದು ಗೊತ್ತಾಗಲು. ಅಂಗಾಂಶ, ರಕ್ತದ ಬಟ್ಟೆಯಂಥ ಕಸವನ್ನು 48 ಗಂಟೆಗಿಂತ ಹೆಚ್ಚು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬಾರ್‌ಕೋಡ್ ಇಲ್ಲದ ಚೀಲಗಳು ಎಲ್ಲಿಗೆ ಹೋಗುತ್ತವೆ ಎಂಬುದು 2024ರ ಡಿಸೆಂಬರಿನಲ್ಲಿ ಚೆನ್ನಾಗಿ ಕಂಡಿತು. ಕೇರಳದ ಆಸ್ಪತ್ರೆಗಳ ತ್ಯಾಜ್ಯ ತಮಿಳುನಾಡಿನ ತಿರುನೆಲ್ವೇಲಿ ಸುತ್ತಿನ ಹಳ್ಳಿಗಳಲ್ಲಿ ಬಿದ್ದಿತ್ತು. ಅದನ್ನು ಮರಳಿ ಒಯ್ಯಲು ಹಸಿರು ನ್ಯಾಯಮಂಡಳಿಯೇ ಆದೇಶಿಸಬೇಕಾಯಿತು, ಕೇರಳದಿಂದ ಲಾರಿಗಳು ಬಂದು ತುಂಬಿಕೊಂಡು ಹೋದವು. ನಮ್ಮ ಗುಂಡ್ಲುಪೇಟೆ ಕಡೆಯ ಗಡಿ ಚೆಕ್‌ಪೋಸ್ಟುಗಳಿಗೂ ಇಂಥ ಲಾರಿಗಳ ಪರಿಚಯವಿದೆ. ಪಕ್ಕದ ರಾಜ್ಯವನ್ನು ದೂರಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಕಸವನ್ನು ಕಡಿಮೆ ಖರ್ಚಿನಲ್ಲಿ ಕಣ್ಮರೆ ಮಾಡಿಸುವ ದಲ್ಲಾಳಿಗಳು ಎಲ್ಲ ರಾಜ್ಯಗಳಲ್ಲೂ ಇದ್ದಾರೆ. ಅವರ ಕೈಗೆ ಚೀಲ ಕೊಟ್ಟ ಆಸ್ಪತ್ರೆಯವರಿಗೆ ಅದು ಎಲ್ಲಿಗೆ ಹೋಗುತ್ತದೆಂದು ಅಂದಾಜಾದರೂ ಇರುತ್ತದೆ.

ಆಸ್ಪತ್ರೆಯ ಸೂಜಿ ಈಗ ಮನೆಗೂ ಬಂದಿದೆ. ಎಷ್ಟೋ ಮನೆಗಳಲ್ಲಿ ದಿನಕ್ಕೆ ಎರಡು ಮೂರು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದಾರೆ. ಪೆನ್ನಿನ ಸೂಜಿ ಕಾಣಲು ಗುಂಡುಸೂಜಿಗಿಂತ ಚಿಕ್ಕದು, ಹಾಗಾಗಿ ನೇರ ಕಸದ ಬುಟ್ಟಿಗೆ. ಬೆಳಿಗ್ಗೆ ಗಾಡಿಯ ಮೇಲೆ ನಿಂತು ಬರಿಗೈಯಲ್ಲೋ ತೆಳು ಗ್ಲೌಸಿನಲ್ಲೋ ಅದನ್ನು ಹರಡಿ ನೋಡುವವರು ಪೌರಕಾರ್ಮಿಕರು. ಮನೆಯ ಸೂಜಿ, ಸಿರಿಂಜ್, ಅವಧಿ ಮೀರಿದ ಔಷಧಗಳನ್ನು 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಹೆಸರಿಸಿದ್ದವು. ಮಾಡಬೇಕಾದದ್ದು ಕಷ್ಟದ್ದಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಖಾಲಿ ಫಿನಾಯಿಲ್ ಬಾಟಲಿಯನ್ನೋ ತಗಡಿನ ಡಬ್ಬವನ್ನೋ ಒಂದು ಮೂಲೆಯಲ್ಲಿಟ್ಟು, ಚುಚ್ಚಿಕೊಂಡ ಕೂಡಲೇ ಸೂಜಿಯನ್ನು ಅದರೊಳಗೆ ಬಿಡಿ. ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಗಟ್ಟಿಯಾಗಿ ಟೇಪು ಸುತ್ತಿ, ಮೇಲೆ ‘ಸೂಜಿ’ ಎಂದು ದೊಡ್ಡದಾಗಿ ಬರೆದು, ಕಸದವರ ಕೈಗೆ ಬೇರೆಯಾಗಿಯೇ ಕೊಟ್ಟು, "ಅಣ್ಣಾ, ಇದ್ರಲ್ಲಿ ಸೂಜಿ ಇದೆ" ಎಂದು ಬಾಯಿಬಿಟ್ಟು ಹೇಳಿ. ನಿಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ತೆಗೆದುಕೊಳ್ಳುವುದಾದರೆ ಇನ್ನೂ ಒಳ್ಳೆಯದು, ಕೇಳಿ ನೋಡಿ.

ಕೊನೆಗೆ ಲಸಿಕೆಯ ವಿಷಯ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಕಾನೂನುಬದ್ಧ ಹೊಣೆ. ಹೆಪಟೈಟಿಸ್ ಬಿ ಲಸಿಕೆ ಮೂರು ಸಲ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಹೌಸ್‌ಕೀಪಿಂಗ್ ಕೆಲಸ ಈಗ ಹೆಚ್ಚಿನ ಕಡೆ ಗುತ್ತಿಗೆಯಲ್ಲಿದೆ. ಹುಡುಗಿಯರು ನಾಲ್ಕು ತಿಂಗಳು ಒಂದು ಆಸ್ಪತ್ರೆಯಲ್ಲಿ, ಮುಂದಿನ ನಾಲ್ಕು ತಿಂಗಳು ಮತ್ತೊಂದರಲ್ಲಿ. ಮೊದಲ ಡೋಸ್ ಆಗಿರುತ್ತದೆ, ಎರಡನೆಯದೂ ಆಗಿರಬಹುದು. ಮೂರನೆಯದರ ಹೊತ್ತಿಗೆ ಆಕೆ ಬೇರೆ ಕಟ್ಟಡದಲ್ಲಿ ಬೇರೆ ಗುತ್ತಿಗೆದಾರನ ಯೂನಿಫಾರ್ಮಿನಲ್ಲಿರುತ್ತಾಳೆ. ಅಲ್ಲಿ ಮತ್ತೆ ಮೊದಲನೆಯದರಿಂದ ಎಣಿಕೆ, ಅಥವಾ ಎಣಿಕೆಯೇ ಇಲ್ಲ. ಬಿಟ್ಟುಹೋದ ಡೋಸನ್ನು ತಡವಾದರೂ ಮುಂದುವರಿಸಬಹುದು. ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ. ಆಕೆಯ ಕೈಯಲ್ಲಿ ಒಂದು ಲಸಿಕೆ ಕಾರ್ಡು ಇದ್ದರೆ ಸಾಕು. ಗುತ್ತಿಗೆಯ ಕರಾರಿನಲ್ಲಿ ಸಂಬಳ, ಸಮವಸ್ತ್ರಗಳ ಜೊತೆಗೆ ಈ ಕಾರ್ಡಿನ ಷರತ್ತನ್ನೂ ಸೇರಿಸಿ, ಮೂರನೇ ಡೋಸಿನ ದಿನಾಂಕ ತುಂಬದ ಹೊರತು ಬಿಲ್ ಪಾಸು ಮಾಡುವುದಿಲ್ಲವೆಂದು ಜಿಲ್ಲಾ ಆಸ್ಪತ್ರೆಗಳಾದರೂ ಪಟ್ಟು ಹಿಡಿಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮುಂದಿನ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.